ಬನ್ನಿ ಕೊಟ್ಟ ಕೈಗೆ ನೋಟು

ಪಟಾಲಮ್ಮ ಬಡಾವಣೆ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ
ನಾಗರಬಾವಿ, ಬೆಂಗಳೂರು
5 ಅಕ್ಟೋಬರ್ 2025

ಶ್ರೀಮತಿ ಪ್ರಭಾ ಅವರಿಗೆ,
ನಾಲ್ಕನೇ ಅಡ್ಡರಸ್ತೆ

ಮಾನ್ಯರೇ,

ತಮ್ಮ ಮನೆಯ ನೆಲಮಹಡಿಯಲ್ಲಿ ಬಾಡಿಗೆಗಿರುವ ಬಸಪ್ಪ ಮತ್ತು ದುರ್ಗವ್ವ ದಂಪತಿಯ ಬಗ್ಗೆ ಸಂಘಕ್ಕೆ ದೂರುಗಳು ಬಂದಿವೆ. ಮೊದಲನೆಯದಾಗಿ, ಅವರು ವಾಸದ ಮನೆಯಲ್ಲಿ ಜೋಳದ ರೊಟ್ಟಿ ತಯಾರಿಸಿ ಮಾರುತ್ತಿದ್ದಾರೆ. ರೊಟ್ಟಿ ಬಡಿಯುವ ಸದ್ದು ಬೆಳಿಗ್ಗೆ ಬೇಗನೆ ಶುರುವಾಗಿ ಅಕ್ಕಪಕ್ಕದವರ ನಿದ್ದೆಗೆ ತೊಂದರೆಯಾಗಿದೆ. ಎರಡನೆಯದಾಗಿ, ಮೊನ್ನೆ ವಿಜಯದಶಮಿಯ ಸಂಜೆ ಬಸಪ್ಪನು ಮನೆಮನೆಗೆ ಹೋಗಿ ಯಾವುದೋ ಎಲೆ ಕೊಟ್ಟು ಇನಾಮು ಕೇಳಿರುತ್ತಾನೆ. ಇದು ಬಡಾವಣೆಯ ಘನತೆಗೆ ತಕ್ಕುದಲ್ಲ.

ಆದ್ದರಿಂದ ನವೆಂಬರ್ ಕೊನೆಯೊಳಗೆ ಸದರಿಯವರಿಂದ ಮನೆ ಖಾಲಿ ಮಾಡಿಸಬೇಕೆಂದು ಕೋರಲಾಗಿದೆ.

ತಮ್ಮ ವಿಶ್ವಾಸಿ,
ಸುಧೀಂದ್ರ
ಕಾರ್ಯದರ್ಶಿ

(ಅಕ್ಕ, ಇದು ಸಂಘದ ಕಾಗದ. ಅಧ್ಯಕ್ಷರು ಚಕ್ರಪಾಣಿ ಸಾರ್ ಹೇಳಿದ್ದನ್ನು ಬರೆದಿದ್ದೇನೆ ಅಷ್ಟೆ. ಫೋನಿನಲ್ಲಿ ಹೇಳಿದರೆ ನೀನು ಜಗಳಕ್ಕೆ ಬರ್ತೀಯ ಅಂತ ಬರೆದು ಕಳಿಸಿದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ. — ಸುಧೀ)

*

ನಾಲ್ಕನೇ ಅಡ್ಡರಸ್ತೆ
6 ಅಕ್ಟೋಬರ್ 2025

ಚಿ. ಸುಧೀಂದ್ರನಿಗೆ ಅಕ್ಕನ ಆಶೀರ್ವಾದ.

ಎರಡನೇ ಅಡ್ಡರಸ್ತೆಯಲ್ಲಿರುವ ತಮ್ಮ ನಾಲ್ಕನೇ ಅಡ್ಡರಸ್ತೆಯಲ್ಲಿರುವ ಅಕ್ಕನಿಗೆ ವಾಚ್‌ಮನ್ ಕೈಯಲ್ಲಿ ಕಾಗದ ಕಳಿಸುತ್ತಾನೆ. ಅದರಲ್ಲಿ 'ತಮ್ಮ ವಿಶ್ವಾಸಿ' ಅಂತ ಬೇರೆ. ಭೇಷ್. ಕಾಗದಕ್ಕೆ ಕಾಗದ. ನಿನ್ನ ಸೇತುರಾಮನನ್ನು ಜಗುಲಿಯ ಮೇಲೆ ಕೂರಿಸಿ, ಕಾಫಿ ಕೊಟ್ಟು, ಇದನ್ನು ಬರೆಯುತ್ತಿದ್ದೇನೆ.

ಬಸಪ್ಪ ಇನಾಮು ಕೇಳಿದನೆಂದು ಬರೆದಿದ್ದೀಯಲ್ಲ, ಕೇಳಿದ್ದನ್ನು ನಿನ್ನ ಕಿವಿಯಾರೆ ಕೇಳಿದೆಯಾ? ಆತ ಹೊಸ ಧೋತರ ಉಟ್ಟು, ತಲೆಗೆ ಟೋಪಿ ಹಾಕಿಕೊಂಡು, ಹೆಂಡತಿ ಮಗಳನ್ನು ಕರೆದುಕೊಂಡು ನಿಮ್ಮ ಬಾಗಿಲಿಗೆ ಬಂದದ್ದು ಬನ್ನಿ ಕೊಡುವುದಕ್ಕೆ. ಅವರ ಕಡೆ ದಶಮಿಯ ಸಂಜೆ ಬನ್ನಿ ಎಲೆ ಕೈಗಿಟ್ಟು ಹಿರಿಯರ ಕಾಲು ಮುಟ್ಟುತ್ತಾರೆ. ಆ ಎಲೆಯನ್ನು ಬಂಗಾರ ಅಂತಲೇ ಕರೆಯುತ್ತಾರೆ. ವರ್ಷವಿಡೀ ಮಾತು ಬಿಟ್ಟವರು ಕೂಡ ಆ ದಿನ ಎಲೆ ಕೊಟ್ಟು ಮಾತಾಡುತ್ತಾರೆ. ಊರು ಬಿಟ್ಟು ಬಂದು ಮೂರು ವರ್ಷವಾದರೂ ಈ ಬಡಾವಣೆಯಲ್ಲಿ ಯಾರೂ ತಮ್ಮನ್ನು ಮಾತಾಡಿಸುವುದಿಲ್ಲ, ನಾವೇ ಮೊದಲು ಹೋಗೋಣ ಅಂತ ಹೊರಟವರು ಅವರು. ನೀನು ಬಾಗಿಲು ತೆಗೆದು ಎಲೆ ಈಸಿಕೊಂಡು, ಜೇಬಿಗೆ ಕೈ ಹಾಕಿ, ಐವತ್ತರ ನೋಟನ್ನು ಅವರ ಕೈಗೆ ತುರುಕಿ ಬಾಗಿಲು ಹಾಕಿಕೊಂಡೆ.

ಬಸಪ್ಪ ನನ್ನ ಹತ್ತಿರ ಬಂದು ಆ ನೋಟನ್ನು ಮೇಜಿನ ಮೇಲಿಟ್ಟ. "ಅಕ್ಕಾರ, ಇದನ್ನ ನಿಮ್ಮ ತಮ್ಮಾರಿಗೆ ಮುಟ್ಟಸ್ರಿ. ನಾನು ಬೇಡಾಕ ಹೋಗಿದ್ದಿಲ್ರಿ" ಅಂದ. ದನಿ ಏರಿಸಲಿಲ್ಲ. ಮಗಳು ಲಕ್ಷ್ಮಿ ಮಾತ್ರ ಬಾಗಿಲ ಹೊರಗೇ ನಿಂತಿದ್ದಳು, ಒಳಗೆ ಬರಲಿಲ್ಲ. ಬಿ.ಎ. ಓದುವ ಹುಡುಗಿ ಕಣೋ. ತನ್ನಪ್ಪನನ್ನು ಭಿಕ್ಷುಕ ಅಂದುಕೊಂಡದ್ದನ್ನು ಕಣ್ಣಾರೆ ನೋಡಿದ್ದಾಳೆ.

ನೋಟು ಇದರ ಜೊತೆಗಿದೆ. ತೆಗೆದಿಟ್ಟುಕೋ.

ಮನೆ ಖಾಲಿ ಮಾಡಿಸುವ ವಿಷಯ: ಮಾಡಿಸುವುದಿಲ್ಲ. ನಿಮ್ಮ ಅಧ್ಯಕ್ಷರಿಗೂ ಹೇಳು.

ಪ್ರಭಾ

*

11 ಅಕ್ಟೋಬರ್ 2025

ಅಕ್ಕನಿಗೆ,

ನನಗೆ ಹೇಗೆ ಗೊತ್ತಾಗಬೇಕಿತ್ತು ಹೇಳು. ಆಯುಧಪೂಜೆ, ದಸರಾ ಬಂತೆಂದರೆ ಕಸದವರು, ಕೇಬಲ್ಲಿನವರು, ಗೂರ್ಖಾ ಎಲ್ಲರೂ ಬರುತ್ತಾರೆ. ನಾನೂ ಕೊಡುತ್ತೇನೆ. ಕೊಡದೆ ಕಳಿಸಿದ್ದರೆ ತಪ್ಪು. ಕೊಟ್ಟದ್ದೂ ತಪ್ಪಾ? ಅವನಾದರೂ ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳಿದನೋ ಏನೋ, ಅವರ ಮಾತು ಅರ್ಥವಾಗುವುದರೊಳಗೆ ಅರ್ಧ ಮುಗಿದಿರುತ್ತೆ.

ನೀನು ಮೂವತ್ತು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟವಳು. ಎಲ್ಲವನ್ನೂ ಪಾಠ ಮಾಡಿಬಿಡುತ್ತೀಯ. ನಾನು ಬೀದಿಯಲ್ಲಿ ನಿಂತವನು. ರಾಜಾಜಿನಗರದಲ್ಲಿ ಕನ್ನಡದ ಬಾವುಟ ಹಿಡಿದು ಪೊಲೀಸರ ಏಟು ತಿಂದಾಗ ನನ್ನ ಬೆನ್ನಿಗೆ ಅರಿಶಿನ ಹಚ್ಚಿದವಳು ನೀನೇ. ಈಗ ಈ ಊರಿನಲ್ಲಿ ಕನ್ನಡ ಮಾತಾಡುವ ಅಂಗಡಿಯವನನ್ನು ಹುಡುಕಿಕೊಂಡು ಹೋಗಬೇಕು. ಒಂದು ಬಡಾವಣೆಯನ್ನಾದರೂ ನಮ್ಮದಾಗಿ ಉಳಿಸಿಕೊಳ್ಳೋಣ ಅಂತ ಒದ್ದಾಡುತ್ತಿದ್ದೇನೆ. ಅದರಲ್ಲಿ ತಪ್ಪೇನಿದೆ? ಆ ಕಡೆಯವರಿಗೆ ಸರ್ಕಾರ ಬೇಕಾದಷ್ಟು ಮಾಡಿದೆ. ವಿಶೇಷ ಸ್ಥಾನ, ಅನುದಾನ, ಮೀಸಲಾತಿ. ಆದರೂ ಎಲ್ಲರೂ ಇಲ್ಲಿಗೇ ಬಂದು ಒಂದೊಂದು ಕೋಣೆಯಲ್ಲಿ ಹತ್ತತ್ತು ಜನ ಇದ್ದರೆ ಈ ಊರು ತಾನೇ ಎಷ್ಟು ಅಂತ ತಡೆದೀತು?

ಚಕ್ರಪಾಣಿ ಸಾರ್ ನಿನ್ನ ಪಕ್ಕದ ಮನೆಯವರು. ಅವರಿಗೆ ನಿಜವಾಗಿಯೂ ನಿದ್ದೆ ಇಲ್ಲ. ಹಟ ಮಾಡಬೇಡ.

ಸುಧೀ

*

23 ಅಕ್ಟೋಬರ್ 2025

ಅಕ್ಕನಿಗೆ,

ಉತ್ತರ ಬರಲಿಲ್ಲ. ದೀಪಾವಳಿಗೆ ಬರ್ತೀಯ ಅಂದುಕೊಂಡಿದ್ದೆವು, ಬರಲಿಲ್ಲ. ಹೋಳಿಗೆ ಕಳಿಸಿದ್ದೆ, ಸೇತುರಾಮ ಅದನ್ನೂ ವಾಪಸು ತಂದ.

ಈಗ ಒಂದು ಸಹಾಯ ಆಗಬೇಕು. ಕೇಳೋದಕ್ಕೆ ನನಗೂ ಒಂಥರಾ ಆಗುತ್ತೆ. ಈ ಸಲದ ರಾಜ್ಯೋತ್ಸವಕ್ಕೆ 'ಅಖಂಡ ಕರ್ನಾಟಕ' ಅಂತ ಇಟ್ಟುಕೊಂಡಿದ್ದೇವೆ. ವೇದಿಕೆಯ ಹಿಂದೆ ದೊಡ್ಡ ನಕ್ಷೆ. ಮಧ್ಯಾಹ್ನಕ್ಕೆ ಉತ್ತರ ಕರ್ನಾಟಕದ ಊಟ: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಆಮಂತ್ರಣದಲ್ಲಿ ಅಚ್ಚಾಗಿ ಹೋಗಿದೆ. ಒಪ್ಪಿಕೊಂಡಿದ್ದ ಅಡುಗೆಯವನು ನಿನ್ನೆ ಕೈಕೊಟ್ಟ. ನಿನ್ನ ಕೆಳಗಿನ ಮನೆಯವರಿಗೆ ಹೇಳಿ ರೊಟ್ಟಿ ಮಾಡಿಸಿಕೊಡಲು ಸಾಧ್ಯವಾ? ಕೊಡಬೇಕಾದ್ದು ಕೊಡುತ್ತೇವೆ.

ಆ ಇನ್ನೊಂದು ವಿಷಯಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದು ಬೇರೆ, ಇದು ಬೇರೆ.

ಸುಧೀ

*

25 ಅಕ್ಟೋಬರ್ 2025

ಸುಧೀ,

ಓದಿ ನಕ್ಕೆ. ಆಮೇಲೆ ಮೈಯೆಲ್ಲ ಉರಿಯಿತು.

ರೊಟ್ಟಿ ಬೇಕು, ಸದ್ದು ಬೇಡ. ಊಟಕ್ಕೆ ಉತ್ತರ ಕರ್ನಾಟಕ ಬೇಕು, ಪಕ್ಕದ ಮನೆಯಲ್ಲಿ ಬೇಡ. ನಕ್ಷೆ ಅಖಂಡವಾಗಿರಲಿ, ಬಡಾವಣೆ ಮಾತ್ರ ತುಂಡು ತುಂಡು! ನಿನ್ನ ಪತ್ರವನ್ನು ದುರ್ಗವ್ವನಿಗೆ ಓದಿ ಹೇಳಿದೆ. ಆಕೆ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಲೂ ಇಲ್ಲ. "ರೊಟ್ಟಿ ಬಡದ್ರ ಸಪ್ಪಳ ಆಗೂದ ರೀ. ಸಪ್ಪಳ ಬ್ಯಾಡಂದ್ರ ಬ್ರೆಡ್ ತರಸ್ಕೊಳ್ರಿ ಅನ್ರಿ ಅವ್ರಿಗೆ" ಅಂದಳು. ಬಸಪ್ಪ ಮಾತ್ರ, "ಮಾಡಿಕೊಡೋಣಂತ ತಗೋರಿ ಅಕ್ಕಾರ. ಆದ್ರ ಅವ್ರು ನಮ್ಮ ಬಾಗಲಿಗೆ ಬಂದು ಕೇಳ್ಲಿ. ನಾವು ಅವ್ರ ಬಾಗಲಿಗೆ ಹೋಗಿದ್ವಲ್ಲ" ಅಂದ. ಅಷ್ಟೇ ಅವರ ಕರಾರು. ನಿನಗೆ ಬರುವುದಕ್ಕೆ ಐದು ನಿಮಿಷವೂ ಬೇಡ.

ನಿನ್ನ ಹಿಂದಿನ ಪತ್ರಕ್ಕೂ ಈಗಲೇ ಉತ್ತರಿಸಿಬಿಡುತ್ತೇನೆ. ಪಾಠ ಮಾಡುತ್ತೇನೆ ಅಂದೆಯಲ್ಲ, ಮಾಡುತ್ತೇನೆ, ಕೇಳು. ಕನ್ನಡದವರೆಲ್ಲ ಒಂದಾಗಬೇಕು ಅಂತ ಮೊದಲು ಕೂಗಿದವರು ಧಾರವಾಡದ ಕಡೆಯವರು. ಮುಂಬೈ ಪ್ರಾಂತ್ಯದಲ್ಲಿ, ನಿಜಾಮನ ಕೈಕೆಳಗೆ ಒದ್ದಾಡುತ್ತಿದ್ದವರು. ನಮ್ಮ ಹಳೇ ಮೈಸೂರಿನಲ್ಲಿ ಎಷ್ಟು ಜನ ದೊಡ್ಡವರು ಮೂಗು ಮುರಿದರು ಗೊತ್ತಾ? ಆ ಬಡ ನೆಂಟರು ನಮಗ್ಯಾಕೆ, ನಮ್ಮ ಕರೆಂಟು, ನಮ್ಮ ಕಾಲೇಜು ಅವರಿಗ್ಯಾಕೆ ಅಂತ. ಏಕೀಕರಣ ಅನ್ನುವ ಈ ಮದುವೆಯಾಗಿ ಎಪ್ಪತ್ತು ವರ್ಷ ಆಗುತ್ತಾ ಬಂತು, ಆ ಮಾತು ಇನ್ನೂ ನಿಂತಿಲ್ಲ. ಇವತ್ತು ನೀನೂ ಅದನ್ನೇ ಬರೆದೆ. ಒಂದು ಭಾಗದ ಹೆಸರು ಬದಲಾಯಿಸಿ ಕಲ್ಯಾಣ ಅಂತ ಕರೆದರು. ಓದಿದ ಹುಡುಗರು ಈಗಲೂ ರಾತ್ರಿ ಬಸ್ಸು ಹತ್ತಿ ಇಲ್ಲಿಗೇ ಬರುತ್ತಾರೆ. ಯಾಕೆ ಬರುತ್ತಾರೆ? ಆಸ್ಪತ್ರೆ, ಕಾರ್ಖಾನೆ, ಕೋರ್ಟು, ಕಚೇರಿ, ಎಲ್ಲವನ್ನೂ ಈ ಊರಿನಲ್ಲೇ ರಾಶಿ ಹಾಕಿಕೊಂಡು ಕೂತವರು ನಾವು. ಆಮೇಲೆ ಯಾಕೆ ಬಂದ್ರಿ ಅಂತ ಅವರನ್ನು ಕೇಳುವವರೂ ನಾವೇ.

ಕನ್ನಡ ಉಳಿಯಬೇಕು ಅಂತೀಯ. ನಿನ್ನ ಸಂಕಟ ನಾಟಕ ಅಲ್ಲ, ನನಗೆ ಗೊತ್ತು. ಆದರೆ ಕೆಂಗೇರಿಯಿಂದ ಉಲ್ಲಾಳದವರೆಗೆ, ಊಟ ತಂದುಕೊಡುವ ಹುಡುಗನಿಂದ ಹಿಡಿದು ಹಾಸ್ಟೆಲಿನ ಹುಡುಗಿಯವರೆಗೆ, ಬಾಯಿ ತೆಗೆದರೆ ಕನ್ನಡ ಮಾತಾಡುವವರು ಅವರೇ. ಕನ್ನಡ ಉಳಿಸಿ ಅಂತ ಕೂಗುತ್ತೀಯ, ಕನ್ನಡದವರು ಬಂದರೆ ಗೇಟು ಹಾಕುತ್ತೀಯ. ಇದ್ಯಾವ ಸೀಮೆ ಹೋರಾಟವೋ!

ಬಂದು ಕೇಳು. ಇಲ್ಲದಿದ್ದರೆ ರೊಟ್ಟಿ ಇಲ್ಲ.

ಅಕ್ಕ

*

2 ನವೆಂಬರ್ 2025

ಅಕ್ಕನಿಗೆ,

ನಿನಗೆ ಸಮಾಧಾನ ಆಯಿತಾ?

ಕೆಲಸದ ಗಡಿಬಿಡಿಯಲ್ಲಿ ಬರಲಾಗದೆ ಸೇತುರಾಮನನ್ನು ಕಳಿಸಿದೆ. ಅವನನ್ನು ದುರ್ಗವ್ವ ಹಾಗೇ ಹಿಂದಕ್ಕೆ ಕಳಿಸಿದಳು. ಕೊನೆಗೆ ಯಾವುದೋ ಮದುವೆ ಅಡುಗೆಯವರಿಂದ ಚಪಾತಿ ತರಿಸಿದೆವು. ಆಮಂತ್ರಣದಲ್ಲಿ ರೊಟ್ಟಿ, ಎಲೆಯಲ್ಲಿ ಚಪಾತಿ. ಜನ ನಕ್ಕರು. ಅದನ್ನೂ ನುಂಗಿಕೊಂಡೆ.

ಆದರೆ ನೀನು ವೇದಿಕೆ ಹತ್ತಿ ಮಾಡಿದ್ದು! ಹಿರಿಯರು ಎರಡು ಮಾತಾಡಲಿ ಅಂತ ಮೈಕು ಕೊಟ್ಟವನು ನಾನೇ. ನೀನು ಆ ಕಡೆಯ ಮಾತಿನಲ್ಲಿ ಶುರು ಮಾಡಿದೆ. "ನಾ ರೋಣದ ಕೃಷ್ಣಾಬಾಯಿ ಮಗಳು ಅದೀನ್ರಿ. ನಮ್ಮವ್ವ ಬನ್ನಿ ಕೊಡಾಕ ಹ್ವಾದ್ರ ಈ ಊರಾಗ ಆಕಿಗೂ ಭಿಕ್ಷಾ ಹಾಕಿದ್ರು, ಬಸಪ್ಪಗೂ ಹಾಕಿದ್ರು." ಇನ್ನೂರು ಜನ ಕೂತಿದ್ದರು. ನಿನ್ನ ಬಾಯಲ್ಲಿ ಆ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಒಂದು ಕ್ಷಣ ಅಲ್ಲಿ ನಿಂತಿರುವುದು ಯಾರು ಅಂತಲೇ ತಿಳಿಯಲಿಲ್ಲ.

ಅಮ್ಮ ರೋಣದವಳು ಅನ್ನುವುದನ್ನು ನಾನು ಮುಚ್ಚಿಟ್ಟಿಲ್ಲ. ಹಾಗಂತ ಮೈಕಿನಲ್ಲಿ ಸಾರಬೇಕಿತ್ತಾ? ಕೆಳಗಿಳಿದ ಮೇಲೆ ಚಕ್ರಪಾಣಿ ಸಾರ್ ನನ್ನ ಹೆಗಲ ಮೇಲೆ ಕೈ ಹಾಕಿ, "ಏನ್ರೀ ಸುಧೀಂದ್ರ, ನೀವೂ ಆ ಕಡೆ ಗಿರಾಕಿನೇನಾ? ಗೊತ್ತೇ ಇರ್ಲಿಲ್ಲ ನೋಡಿ" ಅಂದು ನಕ್ಕರು. ಪಕ್ಕದಲ್ಲಿದ್ದವರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ.

ಸಂಘ ಇನ್ನು ಸುಮ್ಮನಿರುವುದಿಲ್ಲ. ತಿಂಗಳ ಕೊನೆಗೆ ಅವರು ಹೋಗದಿದ್ದರೆ ನಿನ್ನ ಮನೆಗೆ ಟ್ಯಾಂಕರ್ ನೀರು ನಿಲ್ಲಿಸುವ ಮಾತಾಗಿದೆ. ಅಂತಿಮ ನೋಟೀಸಿಗೆ ನನ್ನ ಸಹಿ ಬೇಕು.

ಅಮ್ಮನಿಗೆ ಭಿಕ್ಷೆ ಹಾಕಿದರು ಅಂದೆಯಲ್ಲ, ಅದು ಭಾಷಣಕ್ಕೆ ಸೇರಿಸಿದ್ದಾ, ನಿಜವಾ? ನನಗ್ಯಾಕೆ ಗೊತ್ತಿಲ್ಲ?

ಸುಧೀ

*

5 ನವೆಂಬರ್ 2025

ಸುಧೀ,

ನಿಜ.

ನೀನಿನ್ನೂ ಹುಟ್ಟಿರಲಿಲ್ಲ. ಅಪ್ಪನಿಗೆ ಹುಬ್ಬಳ್ಳಿಯಿಂದ ವರ್ಗವಾಗಿ ನಾವು ರಾಜಾಜಿನಗರಕ್ಕೆ ಬಂದ ವರ್ಷ. ನನಗೆ ಐದು ವರ್ಷ. ದಶಮಿಯ ಸಂಜೆ ಅವ್ವ ಇಳಕಲ್ ಸೀರೆ ಉಟ್ಟು, ಮಡಿಲಲ್ಲಿ ಬನ್ನಿ ಎಲೆ ತುಂಬಿಕೊಂಡು, ನನ್ನ ಕೈ ಹಿಡಿದು ಹೊರಟಳು. ಎಷ್ಟು ಸಂಭ್ರಮ ಇತ್ತು ಗೊತ್ತಾ ಅವಳಿಗೆ. ಹೊಸ ಊರು, ನಾಲ್ಕು ಜನರ ಪರಿಚಯ ಆಗುತ್ತೆ ಅಂತ. ಮೊದಲನೇ ಮನೆಯವರು ಎಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಎರಡನೇ ಮನೆಯಾಕೆ ಒಳಗೆ ಹೋಗಿ ಒಂದು ಪಾವು ಅಕ್ಕಿ ತಂದು ಅವ್ವನ ಮಡಿಲಿಗೆ ಸುರಿದು, "ಮುಂದೆ ಹೋಗಮ್ಮ" ಅಂದಳು. ಅವ್ವ ಮುಂದೆ ಹೋಗಲಿಲ್ಲ. ಆ ಅಕ್ಕಿಯನ್ನು ಅವರ ಬಾಗಿಲಲ್ಲೇ ಚೆಲ್ಲಿದಳಾ, ಇಲ್ಲ. ಅನ್ನ ಚೆಲ್ಲುವ ಹೆಂಗಸಲ್ಲ ಅವಳು. ಮಡಿಲಲ್ಲಿಟ್ಟುಕೊಂಡೇ ಮನೆಗೆ ಬಂದಳು.

ಅಪ್ಪನ ಅಮ್ಮ, ಹಳೇ ಮೈಸೂರಿನ ನಮ್ಮ ಅಜ್ಜಿ, ಅದನ್ನು ಕಂಡು ಮನೆ ಮಾನ ಹೋಯಿತು ಅಂತ ಕೂಗಾಡಿದರು. "ಸೊಸೆನ ಭಿಕ್ಷೆಗೆ ಕಳಿಸ್ತಾರೆ ಅಂತ ಬೀದಿಯೆಲ್ಲ ಮಾತಾಡಲ್ವಾ?" ಅಪ್ಪ ಪೇಪರು ಓದುತ್ತಿದ್ದವರು ಓದುತ್ತಲೇ ಇದ್ದರು. ಅಲ್ಲಿಗೆ ಬನ್ನಿ ನಿಂತಿತು. ಆಮೇಲೆ ರೊಟ್ಟಿ ಬಡಿಯುವುದು ನಿಂತಿತು, ಸದ್ದು ಬೀದಿಗೆ ಕೇಳುತ್ತದೆ ಅಂತ. ನಾನು 'ಅವ್ವ' ಅನ್ನುವುದನ್ನು ಬಿಡಿಸಿ 'ಅಮ್ಮ' ಅನ್ನಿಸಿದರು. ನೀನು ಹುಟ್ಟುವ ಹೊತ್ತಿಗೆ ಎಲ್ಲ ತೊಳೆದು ಇಟ್ಟಂತಾಗಿತ್ತು. ನಿನಗೆ ಸಿಕ್ಕಿದ್ದು ಅಮ್ಮ. ಅವ್ವ ನಿನಗೆ ಸಿಗಲೇ ಇಲ್ಲ ಕಣೋ.

ಅವಳು ಹೋದಾಗ ಹದಿಮೂರನೇ ದಿನ ನೀನು ಎದ್ದು ನಿಂತು, ನಮ್ಮ ತಾಯಿ ಮಿತಭಾಷಿ, ಗಟ್ಟಿಯಾಗಿ ಒಂದು ಮಾತಾಡಿದವಳಲ್ಲ ಅಂದೆ. ಎಲ್ಲರೂ ತಲೆದೂಗಿದರು. ನನಗೆ ಅಲ್ಲೇ ಎದ್ದು ಕಿರುಚಬೇಕು ಅನ್ನಿಸಿತ್ತು. ಅವಳು ಮಿತಭಾಷಿ ಅಲ್ಲ! ಹುಬ್ಬಳ್ಳಿಯಲ್ಲಿ ಅವಳು ನಕ್ಕರೆ ಹಿತ್ತಲಿನಾಚೆಯವರು ಯಾಕ್ರೀ ವೈನಿ ಅಂತ ಕೇಳುತ್ತಿದ್ದರು. ಅವಳ ಮಾತನ್ನು ಕೇಳಿ ನಗುವ ಊರಿನಲ್ಲಿ ಅವಳು ಏನಂತ ಮಾತಾಡಬೇಕಿತ್ತು?

ನಿನಗ್ಯಾಕೆ ಗೊತ್ತಿಲ್ಲ ಅಂತ ಕೇಳಿದೆ. ಗೊತ್ತಾಗಬಾರದು ಅಂತಲೇ ಬೆಳೆಸಿದರು. ಅದಕ್ಕೆ ನಿನ್ನನ್ನು ಬೈಯುವುದಿಲ್ಲ. ಈಗ ಗೊತ್ತಾಯಿತಲ್ಲ, ಇನ್ನು ಮೇಲೆ ಮಾಡಿದ್ದಕ್ಕೆ ಬೈಯುತ್ತೇನೆ. ಚಕ್ರಪಾಣಿ ನಕ್ಕಾಗ ನೀನೂ ನಕ್ಕೆ ಅಂತ ಬರೆದಿದ್ದೀಯ. ಆ ಸಾಲನ್ನು ಓದಿ ನನಗೆ ತುಂಬಾ ನೋವಾಯಿತು.

ನೀರು ನಿಲ್ಲಿಸುತ್ತೀರಾ? ನಿಲ್ಲಿಸಿ. ಬಿಂದಿಗೆ ಹಿಡಿದು ಬೀದಿ ನಲ್ಲಿಗೆ ಹೋಗುತ್ತೇನೆ, ಅರವತ್ತೇಳು ವರ್ಷದ ಮೇಷ್ಟ್ರಮ್ಮನ ತಲೆ ಮೇಲೆ ಬಿಂದಿಗೆ ನೋಡಲಿ ಬಡಾವಣೆ. ದುರ್ಗವ್ವ ನಿನ್ನೆ, "ನಮ್ಮಿಂದ ನಿಮಗ್ಯಾಕ್ರಿ ತ್ರಾಸ, ಬ್ಯಾರೆ ಮನಿ ನೋಡ್ತೀವಿ" ಅಂದಳು. ಅವಳಿಗೂ ಗದರಿದೆ. ಈ ಸಲ ಯಾರೂ ರೊಟ್ಟಿ ಬಡಿಯುವುದನ್ನು ನಿಲ್ಲಿಸಕೂಡದು. ನಾನು ಬದುಕಿರುವವರೆಗೂ ಆ ಮನೆ ಅವರದ್ದೇ.

ಸಹಿ ಹಾಕುವುದು ಬಿಡುವುದು ನಿನ್ನ ಇಷ್ಟ.

ಪ್ರಭಾ

*

ಎರಡನೇ ಅಡ್ಡರಸ್ತೆ
27 ನವೆಂಬರ್ 2025

ಶ್ರೀ ಚಕ್ರಪಾಣಿ ಅವರಿಗೆ,
ಅಧ್ಯಕ್ಷರು, ಪಟಾಲಮ್ಮ ಬಡಾವಣೆ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ

ಮಾನ್ಯರೇ,

ನಾಲ್ಕನೇ ಅಡ್ಡರಸ್ತೆಯ ಬಾಡಿಗೆದಾರರನ್ನು ಖಾಲಿ ಮಾಡಿಸುವ ಅಂತಿಮ ನೋಟೀಸನ್ನು ಸಹಿಗಾಗಿ ನನಗೆ ಕಳಿಸಿದ್ದೀರಿ. ಸಹಿ ಹಾಕದೆ ಹಿಂದಿರುಗಿಸುತ್ತಿದ್ದೇನೆ.

ವಾಸದ ಮನೆಯಲ್ಲಿ ವ್ಯಾಪಾರ ಕೂಡದು ಎಂಬುದು ಕಾರಣವಾದರೆ, ನನ್ನ ಮಹಡಿಯ ಮೇಲೆ ನನ್ನ ಹೆಂಡತಿ ಟ್ಯೂಷನ್ ಮಾಡುತ್ತಾಳೆ. ನಿಮ್ಮ ಕಾರು ನಿಲ್ಲಿಸುವ ಜಾಗದಲ್ಲಿ ನಿಮ್ಮ ಸೊಸೆ ಬ್ಲೌಸ್ ಹೊಲಿಸುತ್ತಾರೆ. ಸದ್ದು ಕಾರಣವಾದರೆ, ಗಣೇಶನ ಹಬ್ಬದಲ್ಲಿ ನಾವು ಕಟ್ಟುವ ಧ್ವನಿವರ್ಧಕದ ಕಂಬ ಅವರ ಅಡುಗೆಮನೆಯ ಕಿಟಕಿಗೇ ತಾಗಿರುತ್ತದೆ, ಅವರು ಒಂದು ದಿನವೂ ದೂರು ಕೊಟ್ಟಿಲ್ಲ. ಬೇರೆ ಕಾರಣ ಇದ್ದರೆ ಅದನ್ನು ನೋಟೀಸಿನಲ್ಲಿ ಬಾಯಿಬಿಟ್ಟು ಬರೆಯಿರಿ.

ಶ್ರೀ ಬಸಪ್ಪನವರು ಇನಾಮು ಕೇಳಿದರು ಎಂದು ಅಕ್ಟೋಬರ್ 5ರ ಪತ್ರದಲ್ಲಿ ಬರೆದದ್ದು ತಪ್ಪು. ಅವರು ಕೇಳಿರಲಿಲ್ಲ. ನಾನು ಕೊಟ್ಟೆ. ಆ ಸಾಲನ್ನು ಹಿಂತೆಗೆದುಕೊಳ್ಳುತ್ತೇನೆ. ಈ ಪತ್ರವನ್ನು ಇವತ್ತು ಸೂಚನಾ ಫಲಕದಲ್ಲೂ ಅಂಟಿಸುತ್ತಿದ್ದೇನೆ.

ರಾಜ್ಯೋತ್ಸವದ ದಿನ, ನೀವೂ ಆ ಕಡೆಯವರಾ ಎಂದು ಕೇಳಿದಿರಿ. ಅವತ್ತು ನಕ್ಕು ಸುಮ್ಮನಾದೆ. ಇವತ್ತು ಉತ್ತರ ಕೊಡುತ್ತೇನೆ. ಹೌದು ಸಾರ್. ನಾನು ರೋಣದ ಕೃಷ್ಣಾಬಾಯಿಯ ಮಗ.

ನಾಲ್ಕನೇ ಅಡ್ಡರಸ್ತೆಗೆ ನೀರು ನಿಂತರೆ ನನ್ನ ತೊಟ್ಟಿಯಿಂದ ಪೈಪು ಎಳೆಯುತ್ತೇನೆ. ರಾಜೀನಾಮೆ ಕೊಡುತ್ತೇನೆಂದು ಕಾಯಬೇಡಿ, ಕೊಡುವುದಿಲ್ಲ. ಕಾರ್ಯದರ್ಶಿಯಾಗಿಯೇ ಇರುತ್ತೇನೆ, ಈ ಕಾಗದಕ್ಕೆ ಸಹಿ ಹಾಕುವುದಿಲ್ಲ. ಖಾಲಿ ಮಾಡಿಸಲೇಬೇಕು ಅಂತಿದ್ದರೆ ಮೊದಲು ನನ್ನ ಮನೆಗೆ ನೋಟೀಸು ಕಳಿಸಿ.

ಸುಧೀಂದ್ರ
ಕಾರ್ಯದರ್ಶಿ

ಪ್ರತಿ: ಶ್ರೀಮತಿ ಪ್ರಭಾ, ನಾಲ್ಕನೇ ಅಡ್ಡರಸ್ತೆ

*

28 ನವೆಂಬರ್ 2025

ಸುಧೀ,

ಪ್ರತಿ ತಲುಪಿತು. ಓದಿದೆ. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದೆ. ಸೇತುರಾಮ ಫಲಕದ ಮುಂದೆ ಜನ ಗುಂಪುಗೂಡಿದ್ದಾರೆ ಅಂದ. ಲಕ್ಷ್ಮಿ ಹೋಗಿ ಫೋಟೋ ತೆಗೆದುಕೊಂಡು ಬಂದು ಅವರಪ್ಪನಿಗೆ ತೋರಿಸಿದಳು. 'ಶ್ರೀ ಬಸಪ್ಪನವರು' ಅಂತ ಬರೆದಿದ್ದೀಯಲ್ಲ, ಅದನ್ನು ಅವಳು ಎರಡೆರಡು ಸಲ ಗಟ್ಟಿಯಾಗಿ ಓದಿದಳು.

ಆದರೆ ನಿನ್ನ ಅಕ್ಕ ಅಷ್ಟಕ್ಕೇ ಬಿಡುವವಳಲ್ಲ. ಆ ಪತ್ರ ಬರೆದಿದ್ದು ಯಾರಿಗೆ? ಚಕ್ರಪಾಣಿಗೆ. ಪ್ರತಿ ಕಳಿಸಿದ್ದು ಯಾರಿಗೆ? ನನಗೆ. ಫಲಕಕ್ಕೆ ಅಂಟಿಸಿದ್ದು ಊರಿಗೆ. ನೀನು ಕೈಗೆ ನೋಟು ತುರುಕಿದ್ದು ನನಗೂ ಅಲ್ಲ, ಚಕ್ರಪಾಣಿಗೂ ಅಲ್ಲ, ಊರಿಗೂ ಅಲ್ಲ. ಆ ಮನುಷ್ಯ ನನ್ನ ಕೆಳಗಿನ ಮನೆಯಲ್ಲಿ ಕೂತು ರೊಟ್ಟಿ ಪೊಟ್ಟಣ ಕಟ್ಟುತ್ತಿದ್ದಾರೆ.

ಅವರಿಗೆ ಕಾಗದ ಬರೆಯಬೇಡ. ಈ ಪತ್ರಕ್ಕೂ ಉತ್ತರ ಬೇಡ. ಸೇತುರಾಮನನ್ನು ಕಳಿಸಬೇಡ. ನೀನೇ ನಡೆದುಕೊಂಡು ಬಂದು ಅವರ ಬಾಗಿಲಲ್ಲಿ ನಿಂತು, ಬಸಪ್ಪನವರೇ ಅಂತ ಕರಿ. ಅವರು ಒಳಗೆ ಕರೆದರೆ ಹೋಗಿ ಕೂತು, ಆಮೇಲೆ ಮಹಡಿ ಹತ್ತಿ ನನ್ನ ಹತ್ತಿರ ಬಾ. ಕರೆಯದಿದ್ದರೆ ಹಾಗೇ ವಾಪಸು ಹೋಗು. ನಾಳೆ ಮತ್ತೆ ಬಾ.

ಅಕ್ಕ